ಪಿಸುಮಾತಿನ ಗ್ಯಾಲರಿಗೆ ತಕ್ಕ ಜಾಲ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗುಮ್ಮಟದೊಳಗೆ ‘ವಿಸ್ಪರಿಂಗ್ ಗ್ಯಾಲರಿ’ ಎಂಬ ವೃತ್ತಾಕಾರದ ಮೊಗಸಾಲೆಯಿದೆ. ಅದರ ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ವಿಜಯಪುರದ ಗೋಲಗುಮ್ಮಟವನ್ನು ಕಂಡವರಿಗೆ ಈ ಬೆರಗು ಹೊಸತಲ್ಲ. ಧ್ವನಿಯು ಗೋಡೆಯನ್ನು ಅಪ್ಪಿಕೊಂಡೇ ಸಾಗುತ್ತದೆಂದು ಲಾರ್ಡ್ ರ‍್ಯಾಲೆ ವಿವರಿಸಿದರು; ಸಿ. ವಿ. ರಾಮನ್ ಮತ್ತು ಸದರ್ಲೆಂಡ್ ಇಲ್ಲಿ ತಾವು ನಡೆಸಿದ ಪ್ರಯೋಗಗಳನ್ನು 1921ರಲ್ಲಿ ಪ್ರಕಟಿಸಿದರು. ಈ ಗ್ಯಾಲರಿಯ ಅಡ್ಡಕೊಯ್ತವನ್ನು ಎರಡು ಆಯಾಮಗಳ ವೃತ್ತವೆಂದು ಬಗೆದು ಗಣಕದಲ್ಲಿ ಅನುಕರಿಸಲು ಎಂತಹ ಜಾಲ ಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಚೌಕಗಳ ಕಾರ್ಟೀಸಿಯನ್ ಜಾಲವನ್ನು ಹರಡಿದರೆ ದುಂಡನೆಯ ಗೋಡೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಗೋಡೆಯನ್ನು ಸವರಿ ಸಾಗಬೇಕಾದ ಧ್ವನಿ ಪ್ರತಿ ಮೆಟ್ಟಿಲಿಗೂ ತಾಗಿ ಚದುರುತ್ತದೆ. ನಾವು ಕಾಣಬಯಸಿದ ವಿದ್ಯಮಾನವೇ ಕೆಡುತ್ತದೆ. ಆದುದರಿಂದ ತ್ರಿಜ್ಯ ಮತ್ತು ಕೋನಗಳನ್ನು ಆಧರಿಸಿದ ಧ್ರುವೀಯ ಜಾಲವೇ ಸರಿ. ಇಲ್ಲಿ ಗೋಡೆಯೂ ಜಾಲದ ಒಂದು ಗೆರೆ. ಆದರೆ ಕೋಶಗಳ ವಿಸ್ತೀರ್ಣ ಸಮನಲ್ಲ: ತ್ರಿಜ್ಯದ ಅಂತರ, ಕೋನದ ಅಂತರ ಮತ್ತು ಕೋಶದ ನಡುಬಿಂದುವಿನ ತ್ರಿಜ್ಯ ಇವುಗಳ ಗುಣಲಬ್ಧವೇ ಅದು.

ಒಂದು ಲೆಕ್ಕವನ್ನು ನೋಡೋಣ. ಗ್ಯಾಲರಿಯ ತ್ರಿಜ್ಯ ಸುಮಾರು 17 ಮೀಟರ್. 2000 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 17 ಸೆಂಟಿಮೀಟರ್. ಒಂದು ತರಂಗಕ್ಕೆ ಹತ್ತು ಕೋಶಗಳೆಂದರೆ ಕೋಶದ ಅಳತೆ 17 ಮಿಲಿಮೀಟರ್. ಗೋಡೆಯ ಸುತ್ತ ಸುಮಾರು 6283 ಕೋಶಗಳು. ಇದೇ ಕೋನವಿಭಜನೆಯನ್ನು ಕೇಂದ್ರದವರೆಗೂ ಎಳೆದರೆ ಅತ್ಯಂತ ಒಳಗಿನ ಕೋಶದ ಅಗಲ ಎರಡು ಸಾವಿರದಲ್ಲೊಂದು ಪಾಲಿಗೆ ಕುಗ್ಗುತ್ತದೆ. ನೇರ ಕಾಲಕ್ರಮಣದ ವಿಧಾನಗಳಲ್ಲಿ ಅತಿ ಕಿರಿದಾದ ಕೋಶವನ್ನು ಧ್ವನಿ ದಾಟುವ ವೇಳೆಯೇ ಕಾಲದ ಹೆಜ್ಜೆಗೆ ಮಿತಿಯಾದ್ದರಿಂದ, ಏನೂ ನಡೆಯದ ಕೇಂದ್ರಕ್ಕಾಗಿ ಇಡೀ ಗಣನೆ ತೆವಳಬೇಕಾಗುತ್ತದೆ.

ಪರಿಹಾರವನ್ನು ಭೌತಶಾಸ್ತ್ರವೇ ಸೂಚಿಸುತ್ತದೆ. ಪಿಸುಮಾತು ಗೋಡೆಯ ಬಳಿಯೇ ಉಳಿಯುವುದರಿಂದ 15ರಿಂದ 17 ಮೀಟರ್ ತ್ರಿಜ್ಯದ ಬಳೆಯಾಕಾರದ ಪಟ್ಟಿ ಸಾಕು. ಒಳ ಅಂಚಿನಲ್ಲಿ ಧ್ವನಿಯನ್ನು ಹೀರಿಕೊಳ್ಳುವ ನಿಬಂಧನೆಯನ್ನು ಹಾಕಬೇಕು. ಅಲ್ಲಿಯೂ ಕೋಶದ ಅಗಲ 15 ಮಿಲಿಮೀಟರ್ ಇರುತ್ತದೆ.

ಇನ್ನು ಸಮಮಿತಿ. ಗೋಡೆ ದುಂಡಾಗಿದೆಯೆಂದು ಉತ್ತರವೂ ಕೋನವನ್ನು ಅವಲಂಬಿಸದೆಂದು ತಿಳಿಯಬಾರದು. ಪಿಸುಗುಟ್ಟುವವರು ಒಂದೆಡೆ ನಿಂತೊಡನೆ ಆವರ್ತನ ಸಮಮಿತಿ ಮುರಿಯುತ್ತದೆ. ಉಳಿಯುವುದು ಅವರ ಮೂಲಕ ಹಾಯುವ ವ್ಯಾಸದ ಇಕ್ಕೆಲಗಳ ಪ್ರತಿಬಿಂಬ ಸಮಮಿತಿ ಮಾತ್ರ. ಆ ವ್ಯಾಸದ ಮೇಲೆ ಒತ್ತಡದ ಅಡ್ಡದಿಕ್ಕಿನ ಇಳಿಜಾರು ಸೊನ್ನೆಯೆಂದು ವಿಧಿಸಿ ಅರ್ಧ ಬಳೆಯನ್ನಷ್ಟೇ ಗಣಿಸಬಹುದು. ಪೂರ್ಣ ವೃತ್ತಕ್ಕೆ ಬೇಕಾಗಿದ್ದ ಸುಮಾರು 63 ಲಕ್ಷ ಕೋಶಗಳು ಹೀಗೆ ನಾಲ್ಕು ಲಕ್ಷಕ್ಕೂ ಕಡಿಮೆಯಾಗುತ್ತವೆ. ಜಾಲದ ಆಕಾರವನ್ನು ಗೋಡೆ ನಿರ್ಧರಿಸಿದರೆ, ಅದರ ವಿಸ್ತಾರವನ್ನು ನಿರ್ಧರಿಸುವುದು ಧ್ವನಿಯ ಮೂಲ ಮತ್ತು ಅದರ ನಡೆ.