ಆಸ್ಪತ್ರೆಯಲ್ಲಿ ಹಿರಿಯರಿಗೆ ದಿಢೀರ್ ಗೊಂದಲ: ಹುಚ್ಚೂ ಅಲ್ಲ, ಗಾಳಿಯೂ ಅಲ್ಲ, ಇದು ‘ಡೆಲಿರಿಯಂ’

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೆ ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಎರಡನೇ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತು ಹಾಕ್ತಾರೆ. ಮಗನನ್ನೇ ‘ಯಾರಪ್ಪಾ ನೀನು’ ಅಂತಾರೆ. ಗೋಡೆ ಮೇಲೆ ಹಾವು ಕಾಣಿಸುತ್ತದೆ. ಬೆಳಗ್ಗೆ ನೋಡಿದರೆ ಕಾಫಿ ಕುಡಿದು ಸರಿಯಾಗಿಯೇ ಮಾತಾಡ್ತಾರೆ. ಕತ್ತಲಾದರೆ ಮತ್ತೆ ಅದೇ ಕಥೆ. ‘ತಲೆ ಕೆಟ್ಟಿತು’, ‘ಗಾಳಿ ಸೋಕಿದೆ’ ಎಂದು ಹೆದರಿ ಡಿಸ್ಚಾರ್ಜ್ ಮಾಡಿಸಿಕೊಂಡು ಹೊರಡುವವರೂ ಇದ್ದಾರೆ.

ಹಳಬರು ಇದನ್ನೇ ‘ಸನ್ನಿ’ ಅನ್ನುತ್ತಿದ್ದರು. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡೆಲಿರಿಯಂ ಹಾಗಲ್ಲ, ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬರುತ್ತದೆ, ದಿನದಲ್ಲೇ ಏರಿಳಿಯುತ್ತದೆ.

ಮೆದುಳಲ್ಲಿ ಏನಾಗುತ್ತದೆ?

ಗಮನ ಮತ್ತು ನೆನಪಿಗೆ ಮೆದುಳಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ವಯಸ್ಸಾದಂತೆ ಇದರ ದಾಸ್ತಾನು ತೆಳುವಾಗುತ್ತದೆ. ಸೋಂಕು, ಆಪರೇಷನ್, ನೀರಿನಂಶ ಅಥವಾ ಸೋಡಿಯಂ ಕೊರತೆ ಬಂದಾಗ ಇನ್ನಷ್ಟು ಕುಸಿಯುತ್ತದೆ, ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕದ ಕೈ ಮೇಲಾಗುತ್ತದೆ. ಗಮನ ನಿಲ್ಲದೆ, ಇಲ್ಲದ್ದು ಕಾಣುವುದಕ್ಕೆ ವೈದ್ಯರು ಕೊಡುವ ಮುಖ್ಯ ವಿವರಣೆ ಇದು. ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ತಡೆಯಲಾಗದ ನೋವು ಕೂಡ ಕಾರಣವಾಗಬಹುದು.

ಮೆಡಿಕಲ್ ಶಾಪ್ ಮಾತ್ರೆಯೂ ಕಾರಣ

ಶೀತದ ಅನೇಕ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಇದೇ ಅಸಿಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಅಲ್ಪ್ರಜೋಲಮ್‌ನಂಥ ನಿದ್ರೆ ಮಾತ್ರೆ ತೆಗೆದುಕೊಂಡರೂ ಅಪಾಯ, ರೂಢಿಯಾದವರು ದಿಢೀರ್ ಬಿಟ್ಟರೂ ಅಪಾಯ. ದಿನಾ ಕುಡಿಯುತ್ತಿದ್ದವರು ಅಡ್ಮಿಟ್ ಆಗಿ ಎರಡು ಮೂರು ದಿನಕ್ಕೆ ಗಲಿಬಿಲಿಯಾಗುವುದೂ ಉಂಟು. ಮರ್ಯಾದೆಗೆ ಅಂಜಿ ಇದನ್ನು ಡಾಕ್ಟರಿಂದ ಮುಚ್ಚಿಡಬಾರದು.

ಮನೆಯವರು ಏನು ಮಾಡಬೇಕು?

- ತಿನ್ನುತ್ತಿದ್ದ ಎಲ್ಲ ಮಾತ್ರೆಗಳ ಚೀಟಿ ತೋರಿಸಿ.
- ಕನ್ನಡಕ, ಕಿವಿ ಮಿಷನ್, ಹಲ್ಲಿನ ಸೆಟ್ ತಂದುಕೊಡಿ.
- ಪರಿಚಿತರೊಬ್ಬರು ಜೊತೆಗಿರಿ. ದಿನ, ಊರು, ಹೊತ್ತು ಆಗಾಗ ಹೇಳುತ್ತಿರಿ.
- ಹಗಲು ಬೆಳಕು, ರಾತ್ರಿ ಕತ್ತಲು ಮತ್ತು ನಿಶ್ಶಬ್ದ ಇರಲಿ.
- ಡಾಕ್ಟರ್ ಒಪ್ಪಿದರೆ ನೀರು ಕುಡಿಸಿ, ಎಬ್ಬಿಸಿ ನಡೆಸಿ.
- ವಾದ ಮಾಡಬೇಡಿ, ಬೈಯಬೇಡಿ. ಕೈಕಾಲು ಕಟ್ಟಿದರೆ ಗಾಬರಿ ಹೆಚ್ಚುತ್ತದೆ.

ಇವು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಯೇಲ್‌ನಲ್ಲಿ ಡಾ. ಶರೊನ್ ಇನೌಯೆ ತಂಡ 70 ವರ್ಷ ದಾಟಿದ 852 ರೋಗಿಗಳ ಮೇಲೆ ಇಂಥದ್ದೇ ಆರೈಕೆ ಪರೀಕ್ಷಿಸಿತು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾಮೂಲಿ ಆರೈಕೆಯಲ್ಲಿ ಶೇ 15 ಮಂದಿಗೆ ಡೆಲಿರಿಯಂ ಬಂದರೆ, ಈ ಆರೈಕೆ ಪಡೆದವರಲ್ಲಿ ಶೇ 9.9 ಮಂದಿಗೆ ಮಾತ್ರ ಬಂತು.

ಸುಮ್ಮನೆ ಮಲಗಿದವರನ್ನೂ ಗಮನಿಸಿ

ಎಲ್ಲರೂ ಗಲಾಟೆ ಮಾಡುವುದಿಲ್ಲ. ಕೆಲವರು ಮಂಕಾಗಿ, ಊಟ ಬಿಟ್ಟು, ಕರೆದರೂ ಓಗೊಡದೆ ಮಲಗಿರುತ್ತಾರೆ. ‘ಪಾಪ, ಸುಸ್ತಾಗಿದೆ’ ಎಂದು ಬಿಟ್ಟರೆ ಒಳಗಿನ ಸೋಂಕು ಬೆಳೆಯುತ್ತದೆ. ‘ನಿನ್ನೆ ಹೀಗಿರಲಿಲ್ಲ’ ಎಂದು ನರ್ಸ್‌ಗೆ ಹೇಳಬಲ್ಲವರು ಮನೆಯವರೇ. ಮನೆಯಲ್ಲೇ ಹೀಗಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ವಾರಗಳೇ ಬೇಕಾಗಬಹುದು.