ದೋಣಿ ಎಂಜಿನ್‌ನ ತಡವರಿಕೆ

ದೋಣಿ ಎಂಜಿನ್‌ನ ತಡವರಿಕೆ ಎಂದರೆ ಥ್ರಾಟಲನ್ನು ತಟ್ಟನೆ ತೆರೆದಾಗ ವೇಗ ಹೆಚ್ಚುವ ಬದಲು ಎಂಜಿನ್ ಕ್ಷಣಕಾಲ ಮುಗ್ಗರಿಸುವ ದೋಷ. ಅಲೆಗಳು ಒಡೆಯುವ ಅಳಿವೆಯನ್ನು ದಾಟುವಾಗ ಇದು ಕಾಣಿಸಿಕೊಂಡರೆ ದೋಣಿ ಹತೋಟಿ ತಪ್ಪಿ ಮಗುಚುವ ಅಪಾಯವಿದೆ.

ಕಾರಣಗಳು

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಕಾರ್ಬ್ಯುರೇಟರ್ ಇರುವ ಎಂಜಿನ್‌ನಲ್ಲಿ ಥ್ರಾಟಲ್ ತೆರೆದೊಡನೆ ಗಾಳಿ ನುಗ್ಗುತ್ತದೆ. ಇಂಧನದ ಹರಿವು ತುಸು ಹಿಂದೆ ಬೀಳುತ್ತದೆ. ಈ ಕೊರತೆಯನ್ನು ತುಂಬಲು ಹಲವು ಕಾರ್ಬ್ಯುರೇಟರ್‌ಗಳಲ್ಲಿ ಆಕ್ಸಲರೇಟರ್ ಪಂಪ್ ಇರುತ್ತದೆ. ಈ ಪಂಪ್ ಕೆಟ್ಟರೆ, ಜೆಟ್ ಅಥವಾ ಫಿಲ್ಟರ್ ಕಟ್ಟಿಕೊಂಡರೆ, ಇಂಧನದಲ್ಲಿ ನೀರು ಸೇರಿದರೆ ತಡವರಿಕೆ ಉಂಟಾಗುತ್ತದೆ. ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಕೂಡ ಕಾರಣವಾಗಬಹುದು. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ, ಬಹುಕಾಲ ನಿಲ್ಲಿಸಿದ ದೋಣಿಗಳ ಇಂಧನದಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯುವ ಸಾಧ್ಯತೆಯಿದೆ.

ದೋಷ ಪತ್ತೆ

ತಪಾಸಣೆಯನ್ನು ಟ್ಯಾಂಕ್‌ನಿಂದ ಆರಂಭಿಸಿ ಎಂಜಿನ್‌ನತ್ತ ಸಾಗುವುದು ಸುಲಭ. ಮೊದಲಿಗೆ ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ತೆರೆದಿದೆಯೇ, ಫಿಲ್ಟರ್‌ನ ತಳದಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ಔಟ್‌ಬೋರ್ಡ್ ಎಂಜಿನ್‌ಗಳ ಇಂಧನ ಕೊಳವೆಯಲ್ಲಿ ಕೈಯಿಂದ ಅದುಮುವ ರಬ್ಬರಿನ ಪ್ರೈಮರ್ ಬಲ್ಬ್ ಇರುತ್ತದೆ. ಎಂಜಿನ್ ತಡವರಿಸುವಾಗ ಇದನ್ನು ಅದುಮಿದೊಡನೆ ಅದು ಚೇತರಿಸಿಕೊಂಡರೆ ಇಂಧನ ಪೂರೈಕೆ ಸಾಲದಾಗಿದೆ ಎಂದರ್ಥ. ಆಕ್ಸಲರೇಟರ್ ಪಂಪ್ ಇದ್ದಲ್ಲಿ, ನಿಲ್ಲಿಸಿ ತಣಿದ ಎಂಜಿನ್‌ನ ಥ್ರಾಟಲ್ ತೆರೆದಾಗ ಕಾರ್ಬ್ಯುರೇಟರ್‌ನ ಬಾಯಿಯೊಳಗೆ ಪೆಟ್ರೋಲ್ ಧಾರೆ ಚಿಮ್ಮಬೇಕು; ಚಿಮ್ಮದಿದ್ದರೆ ಪಂಪ್ ಅಥವಾ ಅದರ ನಳಿಕೆಯಲ್ಲಿ ದೋಷವಿರುತ್ತದೆ.

ಸುರಕ್ಷತೆ

ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾಗಿದ್ದು ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಒಂದು ಕಿಡಿಯೂ ಸ್ಫೋಟಕ್ಕೆ ಸಾಕು. ಆದ್ದರಿಂದ ಎಂಜಿನ್ ಒಳಭಾಗದಲ್ಲಿರುವ ದೋಣಿಗಳಲ್ಲಿ ಚಾಲನೆಗೆ ಮುನ್ನ ಕನಿಷ್ಠ 4 ನಿಮಿಷ ಬ್ಲೋಯರ್ ನಡೆಸಿ ಆವಿಯನ್ನು ಹೊರಹಾಕಬೇಕು.