ಗ್ಲಾಸ್ಟನ್‌ಬರಿ ಟಾರ್: ಸಂತ ಬ್ರಿಜಿಡ್ ಹಾಲು ಕರೆಯುವ ಗುಡ್ಡ

ಇಂಗ್ಲೆಂಡಿನ ಸೋಮರ್‌ಸೆಟ್‌ನ ಈ ಗುಡ್ಡದ ಎತ್ತರ ಬರೀ 158 ಮೀಟರ್. ಆದರೆ ಸುತ್ತಲೂ ಹರಿವಾಣದಂತೆ ಚಪ್ಪಟೆಯಾದ ಜೌಗು ನಾಡು. ಹಾಗಾಗಿ ಎಷ್ಟೋ ಮೈಲಿ ದೂರಕ್ಕೂ ಎದ್ದು ಕಾಣುತ್ತದೆ. ಮೇಲೆ ಗಾಳಿ ವಿಪರೀತ. ನಾನು ಹೋದ ದಿನ ಟೋಪಿಯವರೆಲ್ಲ ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ತುದಿಯಲ್ಲಿ ಸಂತ ಮೈಕೇಲನ ಇಗರ್ಜಿ ಇತ್ತು. ಈಗ ಉಳಿದಿರುವುದು ಸೂರಿಲ್ಲದ ಗೋಪುರವೊಂದೇ. ಮೊದಲಿನ ಕಟ್ಟಡ 1275ರ ಭೂಕಂಪಕ್ಕೆ ಬಿತ್ತು, 14ನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಗ್ಲಾಸ್ಟನ್‌ಬರಿ ಊರಿನ ಮಠದ ಕೊನೆಯ ಅಧಿಪತಿ ರಿಚರ್ಡ್ ವೈಟಿಂಗ್‌ನನ್ನು ಇದೇ ಗುಡ್ಡದ ಮೇಲೆ ಗಲ್ಲಿಗೇರಿಸಿದರು. ಸದ್ಯ ನ್ಯಾಷನಲ್ ಟ್ರಸ್ಟ್ ಜಾಗವನ್ನು ನೋಡಿಕೊಳ್ಳುತ್ತಿದೆ. ಈ ಜಾಗಕ್ಕೆ ತಳುಕು ಹಾಕಿದ ಆರ್ಥರ್ ರಾಜನ ಕಥೆ ಬೇಕಾದವರಿಗೆ ಪೇಟೆಯ ಅಂಗಡಿಗಳಲ್ಲಿ ಸ್ಫಟಿಕ, ಅಗರಬತ್ತಿ ಸಮೇತ ಧಾರಾಳವಾಗಿ ಸಿಗುತ್ತದೆ.

ಜನ ನೇರ ಗೋಪುರದೊಳಗೆ ನುಗ್ಗಿ ಕತ್ತೆತ್ತಿ ಆಕಾಶ ನೋಡುತ್ತಾರೆ. ಪಶ್ಚಿಮದ ಬಾಗಿಲ ಮೇಲಿನ ಉಬ್ಬುಶಿಲ್ಪಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಒಂದರಲ್ಲಿ ಮೈಕೇಲ ತಕ್ಕಡಿ ಹಿಡಿದು ಆತ್ಮ ತೂಗುತ್ತಿದ್ದಾನೆ. ಇನ್ನೊಂದರಲ್ಲಿ ಸಂತ ಬ್ರಿಜಿಡ್ ಹಸುವಿನ ಹಾಲು ಕರೆಯುತ್ತಿದ್ದಾಳೆ. ಪಾಪಪುಣ್ಯದ ಲೆಕ್ಕಕ್ಕಿಂತ ನನಗೆ ಈ ಕೊಟ್ಟಿಗೆ ಕೆಲಸವೇ ಹಿಡಿಸಿತು. ನಮ್ಮ ಕಡೆಯ ಗುಡಿಯಾಗಿದ್ದರೆ ಆ ಹಸುವಿಗೆ ಇಷ್ಟು ಹೊತ್ತಿಗೆ ಅರಿಶಿನ, ಕುಂಕುಮ ಬಿದ್ದಿರುತ್ತಿತ್ತು.

ಒಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಮಾತಿಗೆಳೆದರು. ಅವರದು ಬುಟ್ಟಿ ಹೆಣೆಯುವ ಮನೆತನ. ಬಾಗಿಲಾಚೆ ಕಾಣುವ ಜೌಗಿನತ್ತ ಕೈ ತೋರಿಸುತ್ತ ಇಡೀ ಕಸುಬನ್ನೇ ಬಿಚ್ಚಿಟ್ಟರು. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ವಿಲೋ ಗಿಡದ ಕಡ್ಡಿಗಳನ್ನು ಬುಡಕ್ಕೆ ಕೊಯ್ಯಬೇಕು. ನೀರಿನಲ್ಲಿ ನಿಲ್ಲಿಸಿಟ್ಟು, ವಸಂತದಲ್ಲಿ ರಸವೇರಿದಾಗ ಸುಲಿದರೆ ಬಿಳಿ ಕಡ್ಡಿ. ತೊಗಟೆ ಸಮೇತ ಗಂಟೆಗಟ್ಟಲೆ ಕುದಿಸಿ ಸುಲಿದರೆ ಅದೇ ಕಡ್ಡಿ ತೊಗಟೆಯ ಬಣ್ಣ ಕುಡಿದು ತಿಳಿಗಂದು. ಸುಲಿಯದೆ ಒಣಗಿಸಿದ್ದು ಕಡುಗಂದು. 1930ರ ದಶಕದಲ್ಲಿ ಈ ಬಯಲಲ್ಲಿ ಸುಮಾರು 3,600 ಹೆಕ್ಟೇರ್ ವಿಲೋ ಇತ್ತಂತೆ. ಆಮೇಲೆ ರಟ್ಟಿನ ಪೆಟ್ಟಿಗೆ ಬಂತು, ಪ್ಲಾಸ್ಟಿಕ್ ಬಂತು, ಬುಟ್ಟಿ ಕೇಳುವವರಿಲ್ಲದಾಯಿತು. ಈಗ ವಿಲೋ ಹೆಣೆದ ಶವಪೆಟ್ಟಿಗೆಗೆ ಬೇಡಿಕೆ ಬಂದಿದೆ ಎಂದು ಅವರೇ ನಕ್ಕರು.

ಅವರ ದೂರು ಬೇರೆಯೇ. ಕಾಂಕ್ರೀಟ್ ದಾರಿ ಇದ್ದರೂ ಜನ ಹುಲ್ಲಿನ ಮೇಲೆ ಅಡ್ಡ ಹತ್ತಿ ಗುಡ್ಡದ ಮಣ್ಣು ಸವೆಸುತ್ತಿದ್ದಾರೆ. ಆ ಮಾತು ನಡೆದಿರುವಾಗಲೇ ಇಬ್ಬರು ಹಾಗೆಯೇ ಏದುಸಿರು ಬಿಡುತ್ತ ಮೇಲೆ ಬಂದರು. ನನ್ನ ದೂರು ಅಷ್ಟು ದೊಡ್ಡದಲ್ಲ: ಮೇಲೆ ಕುಡಿಯಲು ನೀರಿಲ್ಲ, ಶೌಚಾಲಯವಿಲ್ಲ, ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಲು ಜಾಗವೂ ಇಲ್ಲ. ಪೇಟೆಯಲ್ಲೇ ಬಿಟ್ಟು ನಡೆದು ಬನ್ನಿ.